ನಿಫ್ಟಿ ಸ್ಪ್ರೆಡ್‌ಗೆ ಇಳಿಯುವ ಹೊತ್ತು: ದಿನ, ಗಂಟೆ, ಬೆಲೆ

ಸ್ಪ್ರೆಡ್ (ಒಂದು ಆಪ್ಷನ್ ಮಾರಿ, ಅದೇ ಬಗೆಯ ಇನ್ನೊಂದನ್ನು ಬೇರೆ ಬೆಲೆಯ ಮಟ್ಟದಲ್ಲಿ ಕೊಳ್ಳುವ ಜೋಡಿ ವಹಿವಾಟು) ಹಾಕಲು ಕೂತವರು ಮೊದಲು ಕೇಳಿಕೊಳ್ಳುವುದು ‘ನಿಫ್ಟಿ ಏರುತ್ತಾ, ಇಳಿಯುತ್ತಾ?’ ಎಂದು. ಅದಕ್ಕೆ ಖಚಿತ ಉತ್ತರ ಗೊತ್ತಿದ್ದವರು ಸ್ಪ್ರೆಡ್‌ನ ಗೋಜಿಗೇ ಹೋಗಬೇಕಿಲ್ಲ, ಫ್ಯೂಚರ್ಸ್ ಕೊಂಡು ಕೂರಬಹುದು. ಸ್ಪ್ರೆಡ್‌ಗೆ ಹೊತ್ತು ನೋಡುವಾಗ ಬೇಕಾದ ಲೆಕ್ಕಗಳೇ ಬೇರೆ: ಎಕ್ಸ್‌ಪೈರಿಗೆ (ಒಪ್ಪಂದ ಮುಗಿಯುವ ದಿನಕ್ಕೆ) ಎಷ್ಟು ದಿನ ಉಳಿದಿದೆ, ಅಷ್ಟು ದಿನದಲ್ಲಿ ನಿಫ್ಟಿ ಎಷ್ಟು ದೂರ ನಡೆಯಬಹುದು, ಆ ದೂರಕ್ಕೆ ಮಾರುಕಟ್ಟೆ ಕೊಡುವ ಹಣವೆಷ್ಟು, ಅದರಲ್ಲಿ ನಿಜವಾಗಿ ನಮ್ಮ ಕೈಗೆ ಬರುವುದೆಷ್ಟು. ಕೊನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ.

ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಎಫ್‌ಆ್ಯಂಡ್‌ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಹಿವಾಟು ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮುಂದಿನ ಲೆಕ್ಕಗಳನ್ನು ಓದುವಾಗ ಈ ಅಂಕಿ ಪಕ್ಕದಲ್ಲೇ ಇರಲಿ.

ಇಲ್ಲಿ ಹೇಳುವುದೆಲ್ಲ ನಿಫ್ಟಿ 50ರ ವಾರದ ಆಪ್ಷನ್‌ಗಳಿಗೆ ಸಂಬಂಧಿಸಿದ್ದು. ಆಪ್ಷನ್ ಎಂದರೆ ಗೊತ್ತಾದ ದಿನ, ಗೊತ್ತಾದ ಬೆಲೆಗೆ (ಸ್ಟ್ರೈಕ್) ಕೊಳ್ಳುವ (ಕಾಲ್) ಅಥವಾ ಮಾರುವ (ಪುಟ್) ಹಕ್ಕು. ಅದಕ್ಕೆ ಕೊಡುವ ಬೆಲೆಯೇ ಪ್ರೀಮಿಯಂ. 2024ರ ನವೆಂಬರ್ 20ರಿಂದ ಒಂದು ಷೇರುಪೇಟೆಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂಬ ನಿಯಮ ಬಂದ ಮೇಲೆ ಎನ್‌ಎಸ್‌ಇಯಲ್ಲಿ ನಿಫ್ಟಿ, ಬಿಎಸ್‌ಇಯಲ್ಲಿ ಸೆನ್ಸೆಕ್ಸ್ ಮಾತ್ರ ಉಳಿದಿವೆ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿ ಮಂಗಳವಾರ, ಸೆನ್ಸೆಕ್ಸ್ ಗುರುವಾರ ಮುಗಿಯುತ್ತವೆ. ಆ ದಿನ ರಜೆ ಇದ್ದರೆ ಹಿಂದಿನ ವಹಿವಾಟಿನ ದಿನವೇ ಎಕ್ಸ್‌ಪೈರಿ. 2026ರ ಜನವರಿಯ ಒಪ್ಪಂದಗಳಿಂದ ನಿಫ್ಟಿಯ ಒಂದು ಲಾಟ್ (ವಹಿವಾಟಿನ ಕನಿಷ್ಠ ಕಟ್ಟು) 65. ಲೆಕ್ಕವೆಲ್ಲ ನಗದಿನಲ್ಲೇ ಚುಕ್ತಾ ಆಗುತ್ತದೆ. ಎಕ್ಸ್‌ಪೈರಿ ದಿನದ ಕೊನೆಯ ಅರ್ಧ ಗಂಟೆಯ ಸರಾಸರಿಯಿಂದ ಬರುವ ಮುಕ್ತಾಯದ ಮಟ್ಟವೇ ಅಂತಿಮ ಬೆಲೆ. 3:29ಕ್ಕೆ ಪರದೆಯ ಮೇಲೆ ಕಂಡ ನಿಫ್ಟಿಗೂ ಅಂತಿಮ ಬೆಲೆಗೂ 20–30 ಪಾಯಿಂಟ್ ವ್ಯತ್ಯಾಸ ಬರುವುದು ಇದೇ ಕಾರಣಕ್ಕೆ.

ಮೊದಲು ದೂರ ಅಳೆಯಿರಿ

ಇಂಡಿಯಾ ವಿಕ್ಸ್ ಎಂದರೆ ಮುಂದಿನ 30 ದಿನ ನಿಫ್ಟಿ ಎಷ್ಟು ಏರಿಳಿಯಬಹುದು ಎಂಬ ಮಾರುಕಟ್ಟೆಯ ಅಂದಾಜು. ಅದನ್ನು ವಾರ್ಷಿಕ ಶೇಕಡಾವಾರಿನಲ್ಲಿ ಹೇಳುತ್ತಾರೆ. ದಿನದ ಲೆಕ್ಕ ಬೇಕಾದರೆ 16ರಿಂದ ಭಾಗಿಸಿ (ವರ್ಷದ 252 ವಹಿವಾಟಿನ ದಿನಗಳ ವರ್ಗಮೂಲ ಹತ್ತಿರ ಹತ್ತಿರ 16).

ನಿಫ್ಟಿ 25,000, ವಿಕ್ಸ್ 13 ಎಂದಿಟ್ಟುಕೊಳ್ಳಿ. 13ನ್ನು 16ರಿಂದ ಭಾಗಿಸಿದರೆ ಶೇ 0.81, ಅಂದರೆ ದಿನಕ್ಕೆ ಸುಮಾರು 203 ಪಾಯಿಂಟ್. ಬುಧವಾರ ಬೆಳಿಗ್ಗೆ ಹಾಕಿ ಮಂಗಳವಾರದವರೆಗೆ ಇಟ್ಟುಕೊಳ್ಳುವುದಾದರೆ ಐದು ವಹಿವಾಟಿನ ದಿನ. 203ನ್ನು ಐದರ ವರ್ಗಮೂಲ 2.24ರಿಂದ ಗುಣಿಸಿ: 455 ಪಾಯಿಂಟ್. ಐದರಿಂದಲೇ ಗುಣಿಸಿ ಸಾವಿರ ಎಂದುಕೊಳ್ಳುವವರಿದ್ದಾರೆ, ಅದು ತಪ್ಪು. ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ, ಹಾಗಾಗಿ ದೂರ ದಿನಗಳಷ್ಟೇ ವೇಗವಾಗಿ ಬೆಳೆಯುವುದಿಲ್ಲ.

ಈ 455ರ ಒಳಗೇ ನಿಫ್ಟಿ ಮುಗಿಯುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಅಂದರೆ ಕೆಳಗಡೆ 455 ಪಾಯಿಂಟ್ ದಾಟಿ ಹೋಗುವುದು ಆರೇಳು ವಾರಕ್ಕೊಮ್ಮೆ ಆಗಬಹುದಾದ ಮಾತು. ಅಪರೂಪ ಎನ್ನುವಂತಿಲ್ಲ.

ಈಗ ಬುಲ್ ಪುಟ್ ಸ್ಪ್ರೆಡ್ (ನಿಫ್ಟಿ ತೀರ ಬೀಳದಿದ್ದರೆ ಲಾಭ) ಹಾಕೋಣ. 24,550 ಪುಟ್ ಮಾರಿ 24,350 ಪುಟ್ ಕೊಳ್ಳುವುದು. ಮೇಲಿನ ಪರಿಸ್ಥಿತಿಯಲ್ಲಿ ಮೊದಲನೆಯದು 36ರ ಸುಮಾರು, ಎರಡನೆಯದು 17ರ ಸುಮಾರು ಇರುತ್ತದೆ. ಕೈಗೆ ಬರುವುದು 19 ಪಾಯಿಂಟ್, ಲಾಟ್‌ಗೆ 1,235 ರೂಪಾಯಿ. ಎರಡೂ ಸ್ಟ್ರೈಕ್ ಕೆಳಗೆ ನಿಫ್ಟಿ ಮುಗಿದರೆ ಹೋಗುವುದು 181 ಪಾಯಿಂಟ್, 11,765 ರೂಪಾಯಿ. ಬ್ರೇಕ್ ಈವನ್ (ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಟ್ಟ) 24,531.

ಕೊನೆಯವರೆಗೂ ಕೂತು, ಸೋತಾಗಲೆಲ್ಲ ಪೂರ್ತಿ ಸೋಲುವವರು ನೂರರಲ್ಲಿ 90ಕ್ಕೂ ಹೆಚ್ಚು ಸಲ ಗೆದ್ದರೆ ಮಾತ್ರ ಸರಿದೂಗುತ್ತದೆ. ಸ್ಪ್ರೆಡ್‌ನ ಬೆಲೆ 19ರಿಂದ 57ಕ್ಕೆ ಏರಿದಾಗ ಹೊರಬಂದರೆ ನಷ್ಟ 38. ಆಗ ಮೂರರಲ್ಲಿ ಎರಡು ಗೆದ್ದರೆ ಸಾಕು. ಆದರೆ ಅರ್ಧ ಲಾಭಕ್ಕೇ, ಅಂದರೆ 9.5ಕ್ಕೇ, ಮುಗಿಸುವ ಅಭ್ಯಾಸ ಇದ್ದರೆ ಐದರಲ್ಲಿ ನಾಲ್ಕು ಗೆಲ್ಲಬೇಕು. ಎಲ್ಲಿ ಹೊರಬರುತ್ತೀರಿ ಎಂದು ಗೊತ್ತಿಲ್ಲದೆ ‘ಈಗ ಒಳಗೆ ಹೋಗಬಹುದಾ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ ಎನ್ನುವುದು ಇದಕ್ಕೇ.

ವಿಕ್ಸ್ ಏರಲಿ ಎಂದು ಕಾಯಬೇಕೆ?

‘ವಿಕ್ಸ್ ಏರಿದಾಗ ಮಾರು, ಇಳಿದಾಗ ಕೊಳ್ಳು’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಒಂಟಿ ಆಪ್ಷನ್ ಮಾರುವವರಿಗೆ ಅದು ಸರಿ. ಕಿರಿದಾದ ಸ್ಪ್ರೆಡ್‌ಗೆ ಅಷ್ಟಾಗಿ ಹೊಂದುವುದಿಲ್ಲ. ಯಾಕೆಂದು ಅಂಕಿಯಲ್ಲೇ ನೋಡಿ.

ಅದೇ ಬುಧವಾರ ನಿಫ್ಟಿ 150 ಪಾಯಿಂಟ್ ಬಿದ್ದು 24,850ಕ್ಕೆ ಬಂತು, ವಿಕ್ಸ್ 13ರಿಂದ 14ಕ್ಕೆ ಏರಿತು. 24,550/24,350 ಸ್ಪ್ರೆಡ್ ಈಗ 34ರ ಹತ್ತಿರ ಇದೆ. ನೋಡಿದ ತಕ್ಷಣ ಬಾಯಲ್ಲಿ ನೀರೂರುತ್ತದೆ. ಆದರೆ ದೂರ 450 ಇದ್ದದ್ದು 300 ಆಗಿದೆ. ಹೆಚ್ಚು ಸಿಕ್ಕಿದ್ದು ಹೆಚ್ಚು ಅಪಾಯಕ್ಕೆ.

ಸರಿ, ಮೊದಲಿನಂತೆಯೇ 450 ಪಾಯಿಂಟ್ ದೂರ ಕಾಯ್ದುಕೊಂಡು 24,400/24,200 ಹಾಕಿದರೆ? ಸಿಗುವುದು 21ರ ಆಸುಪಾಸು. ಎರಡೇ ಪಾಯಿಂಟ್ ಹೆಚ್ಚು. ಮಾರುವ ಪುಟ್ ದುಬಾರಿಯಾದ ಹಾಗೆ ಕೊಳ್ಳುವ ಪುಟ್ ಕೂಡ ದುಬಾರಿಯಾಯಿತು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯಿತು. ಇನ್ನೂ ಸರಿಯಾಗಿ ಅಳೆದರೆ, ವಿಕ್ಸ್ 14 ಎಂದ ಮೇಲೆ ಐದು ದಿನದ ನಿರೀಕ್ಷಿತ ದೂರವೂ 485 ಪಾಯಿಂಟ್‌ಗೆ ಬೆಳೆದಿದೆ. ಅಷ್ಟು ದೂರಕ್ಕೆ, 24,350/24,150ಕ್ಕೆ ಹೋದರೆ ಮತ್ತೆ 19ರ ಹತ್ತಿರವೇ.

ಹಾಗಾದರೆ ಬೀಳುವವರೆಗೆ ಕಾಯುವುದರಲ್ಲಿ ಏನೂ ಇಲ್ಲವೆ? ಇದೆ, ಆದರೆ ಅದು ವಿಕ್ಸ್‌ನ ಮಟ್ಟದಿಂದ ಬರುವುದಿಲ್ಲ, ವಿಕ್ಸ್ ತಿರುಗುವುದರಿಂದ ಬರುತ್ತದೆ. ಏರಿದ್ದ ವಿಕ್ಸ್ ಕೆಳಮುಖವಾದಾಗ ನಿಫ್ಟಿ ಸಾಮಾನ್ಯವಾಗಿ ಮೇಲ್ಮುಖವಾಗುತ್ತದೆ, ಎರಡೂ ಪುಟ್ ಮಾರಿದವರ ಪರವಾಗಿ ಕೆಲಸ ಮಾಡುತ್ತವೆ. ಕೈಯಲ್ಲಿ ಹಿಡಿಯಬಹುದಾದ ನಿಯಮ ಇದು: ನಿಫ್ಟಿ 30 ನಿಮಿಷ ಹೊಸ ಕೆಳಮಟ್ಟ ಮಾಡಿಲ್ಲ, ಅದೇ ಹೊತ್ತಿನಲ್ಲಿ ವಿಕ್ಸ್ ದಿನದ ಗರಿಷ್ಠದಿಂದ ಕನಿಷ್ಠ ಶೇ 3 ಇಳಿದಿದೆ. ಎರಡೂ ಕೂಡಿ ಬಂದರೆ ಮಾತ್ರ ಪುಟ್ ಸ್ಪ್ರೆಡ್. ಒಂದು ಮಾತ್ರ ಆದರೆ ಕಾಯಿರಿ. ಬೀಳುತ್ತಿರುವಾಗಲೇ ಕೈ ಹಾಕಿದವರಿಗೆ 34 ಸಿಗುತ್ತದೆ, ಅರ್ಧ ಗಂಟೆಯಲ್ಲಿ ಅದು 60 ಆಗುತ್ತದೆ.

ಕಾಲ್ ಸ್ಪ್ರೆಡ್ ಮಾರುವವರಿಗೆ ಈ ನೆರವು ಇಲ್ಲ. ನಿಫ್ಟಿ ಏರಿದಾಗ ವಿಕ್ಸ್ ಇಳಿಯುವುದೇ ರೂಢಿ, ಅಷ್ಟೇ ದೂರದ ಕಾಲ್‌ಗೆ ಪುಟ್‌ಗಿಂತ ಕಡಿಮೆ ಹಣ ಸಿಗುತ್ತದೆ. ಒಂದೇ ಅಳತೆಯ ಕಡ್ಡಿ ಹಿಡಿದು ಎರಡೂ ಬದಿ ಸಮದೂರದಲ್ಲಿ ಐರನ್ ಕಾಂಡರ್ (ಪುಟ್ ಸ್ಪ್ರೆಡ್, ಕಾಲ್ ಸ್ಪ್ರೆಡ್ ಎರಡನ್ನೂ ಒಟ್ಟಿಗೆ ಮಾರುವುದು) ಕಟ್ಟುವವರು ಮೇಲಿನ ಬದಿಯಲ್ಲಿ ಬಿಡಿಗಾಸಿಗೆ ಅಪಾಯ ಹೊರುತ್ತಾರೆ.

ದಿನ ಯಾವುದು

ಮಂಗಳವಾರ ಎಕ್ಸ್‌ಪೈರಿ ಆದ್ದರಿಂದ ಹೊಸ ವಾರ ಶುರುವಾಗುವುದು ಬುಧವಾರ. ಕ್ರೆಡಿಟ್ ಸ್ಪ್ರೆಡ್‌ಗೆ (ಹಾಕುವಾಗಲೇ ಹಣ ಕೈಗೆ ಬರುವ, ಮೇಲಿನಂಥ ಸ್ಪ್ರೆಡ್) ಬುಧ, ಗುರುವಾರ ಒಳ್ಳೆಯದು: ದೂರದ ಸ್ಟ್ರೈಕ್‌ನಲ್ಲೂ ಹಣ ಇರುತ್ತದೆ, ತಪ್ಪಾದರೆ ಸರಿಪಡಿಸಿಕೊಳ್ಳಲು ದಿನಗಳೂ ಇರುತ್ತವೆ.

ಶುಕ್ರವಾರ ಮಧ್ಯಾಹ್ನ ಹಾಕಿದರೆ ಶನಿವಾರ, ಭಾನುವಾರದ ಸವಕಳಿ (ದಿನ ಕಳೆದಂತೆ ಕರಗುವ ಪ್ರೀಮಿಯಂ) ಪುಕ್ಕಟೆ ಸಿಗುತ್ತದೆ ಎಂಬ ನಂಬಿಕೆ ಇದೆ. ಎಲ್ಲರಿಗೂ ಗೊತ್ತಿರುವ ರಜೆಯನ್ನು ಮಾರುಕಟ್ಟೆ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಪ್ರೀಮಿಯಂನಲ್ಲೇ ಅದರ ದೊಡ್ಡ ಪಾಲು ಕರಗಿಹೋಗಿರುತ್ತದೆ. ಉಳಿಯುವುದು ಎರಡು ದಿನದ ಸುದ್ದಿಯ ಅಪಾಯ.

ಆ ಅಪಾಯ ಹೇಗಿರುತ್ತದೆ ಎಂಬುದಕ್ಕೆ 2025ರ ಏಪ್ರಿಲ್ ಸಾಕು. ಏಪ್ರಿಲ್ 2ರಂದು ಅಮೆರಿಕ ಹೊಸ ಸುಂಕ ಘೋಷಿಸಿತ್ತು. 3ರಂದು ಅಲ್ಲಿನ ಎಸ್‌ಆ್ಯಂಡ್‌ಪಿ 500 ಶೇ 4.8ರಷ್ಟು ಬಿದ್ದಿತ್ತು. 4ರ ಶುಕ್ರವಾರ ನಿಫ್ಟಿ 22,904ರಲ್ಲಿ ಮುಗಿಯಿತು, ವಿಕ್ಸ್ ಇನ್ನೂ 13.76. ಲಾಟ್ ಆಗ 75. ಆಗ ನಿಫ್ಟಿ ಮುಗಿಯುತ್ತಿದ್ದದ್ದು ಗುರುವಾರ; ಮುಂದಿನ ಗುರುವಾರ ರಜೆ ಇದ್ದದ್ದರಿಂದ ಎಕ್ಸ್‌ಪೈರಿ ಏಪ್ರಿಲ್ 9ಕ್ಕೆ ಸರಿದಿತ್ತು. ಮೂರು ದಿನದ ನಿರೀಕ್ಷಿತ ದೂರ ಲೆಕ್ಕ ಹಾಕಿದರೆ 341 ಪಾಯಿಂಟ್. ಶುಕ್ರವಾರ ಸಂಜೆ 22,500/22,300 ಪುಟ್ ಸ್ಪ್ರೆಡ್ ಮಾರಿದವರು 404 ಪಾಯಿಂಟ್ ದೂರದಲ್ಲಿ ಇದ್ದರು. ಪುಸ್ತಕದ ಪ್ರಕಾರ ಸುರಕ್ಷಿತ.

ನಮ್ಮ ಪೇಟೆ ಮುಚ್ಚಿದ ಮೇಲೆ ಅಮೆರಿಕ ಇನ್ನೂ ಶೇ 6ರಷ್ಟು ಬಿತ್ತು. ಸೋಮವಾರ 7ರಂದು ನಿಫ್ಟಿ ತೆರೆದದ್ದೇ 21,758ರಲ್ಲಿ. ಒಂದೇ ನೆಗೆತಕ್ಕೆ ಎರಡೂ ಸ್ಟ್ರೈಕ್ ತಲೆ ಮೇಲೆ. ನಡುವೆ ಎಲ್ಲೂ ವಹಿವಾಟೇ ಆಗಲಿಲ್ಲವಾದ್ದರಿಂದ ಸ್ಟಾಪ್‌ಲಾಸ್ (ನಷ್ಟ ಒಂದು ಮಟ್ಟ ಮುಟ್ಟಿದರೆ ಹೊರಬರುವ ಆರ್ಡರ್) ಎಂಬುದಕ್ಕೆ ಜಾಗವೇ ಇರಲಿಲ್ಲ. ಸಂಜೆ ಹೊತ್ತಿಗೆ ವಿಕ್ಸ್ 22.79. ಬರಿಯ 22,500 ಪುಟ್ ಮಾರಿದ್ದವರಿಗೆ ಆ ಬೆಳಿಗ್ಗೆ 742 ಪಾಯಿಂಟ್ ಆಂತರಿಕ ಮೌಲ್ಯವೇ (ಸ್ಟ್ರೈಕ್‌ಗೂ ನಿಫ್ಟಿಗೂ ಇರುವ ಅಂತರ) ಎದುರಿಗೆ ನಿಂತಿತ್ತು, ಸ್ಪ್ರೆಡ್ ಹಾಕಿದವರಿಗೆ ಹೆಚ್ಚೆಂದರೆ 200. ಕುತೂಹಲದ ಸಂಗತಿ, ಏಪ್ರಿಲ್ 9ರಂದು ನಿಫ್ಟಿ ಮುಗಿದದ್ದು 22,399ರಲ್ಲಿ, ಎರಡು ಸ್ಟ್ರೈಕ್‌ಗಳ ನಟ್ಟನಡುವೆ. ಏನೂ ಮಾಡದೆ ಕೂತವರು ಕೊಟ್ಟದ್ದು 101 ಪಾಯಿಂಟ್. ಕೂರುವುದೇ ಸರಿ ಎಂದು ಇದರಿಂದ ಕಲಿಯಬೇಡಿ. ಇನ್ನೊಂದು ವಾರ ಪೂರ್ತಿ 200 ಹೋಗುತ್ತದೆ. ಇಲ್ಲಿ ತಪ್ಪು ಆದದ್ದು ಶುಕ್ರವಾರವೇ. ಹೊರಗೆ ಶೇ 4.8 ಕುಸಿತ ಆಗಿರುವಾಗ ನಮ್ಮ ವಿಕ್ಸ್ 13ರಲ್ಲಿ ಇದೆ ಎಂದರೆ ಅಪಾಯಕ್ಕೆ ಸಿಗಬೇಕಾದ ಬೆಲೆ ಸಿಗುತ್ತಿಲ್ಲ ಎಂದೇ ಲೆಕ್ಕ. ಅಂಥ ದಿನ ವಾರಾಂತ್ಯಕ್ಕೆ ಸ್ಪ್ರೆಡ್ ಮಾರುವುದಲ್ಲ, ಇದ್ದದ್ದನ್ನೂ ಮುಗಿಸುವುದು.

ಸೋಮವಾರ, ಮಂಗಳವಾರ ಹಾಕುವ ಸ್ಪ್ರೆಡ್‌ಗಳ ಸ್ವಭಾವವೇ ಬೇರೆ. ಪ್ರೀಮಿಯಂ ಬೇಗ ಕರಗುತ್ತದೆ ನಿಜ, ಆದರೆ ಗಾಮಾ (ನಿಫ್ಟಿ ಚಲಿಸಿದಾಗ ಆಪ್ಷನ್ ಬೆಲೆ ಜಿಗಿಯುವ ತೀವ್ರತೆ) ಜೋರು: 60 ಪಾಯಿಂಟ್ ಚಲನೆಗೆ 8 ರೂಪಾಯಿಯ ಪುಟ್ 25 ಆಗಿಬಿಡುತ್ತದೆ. ಎಕ್ಸ್‌ಪೈರಿ ದಿನ, ಮಾರಿದ ಲೆಗ್ (ಸ್ಪ್ರೆಡ್‌ನ ಎರಡು ಆಪ್ಷನ್‌ಗಳಲ್ಲಿ ಒಂದು) ಮೇಲೆ ಒಪ್ಪಂದ ಮೌಲ್ಯದ ಶೇ 2ರಷ್ಟು ಹೆಚ್ಚುವರಿ ಮಾರ್ಜಿನ್ (ಭದ್ರತೆಗೆ ಇಡಬೇಕಾದ ಹಣ) ಕೂಡ ಬೀಳುತ್ತದೆ. ನಿಫ್ಟಿ 25,000 ಇದ್ದಾಗ ಅದು ಲಾಟ್‌ಗೆ 32,500 ರೂಪಾಯಿ. ಖಾತೆಯಲ್ಲಿ ಅಷ್ಟು ಬಿಡುವಿಲ್ಲದಿದ್ದರೆ ಸೋಮವಾರವೇ ಮುಗಿಸಿ.

ಒಳಗೆ ಹೋಗುವ ಮುನ್ನ ಎಕ್ಸ್‌ಪೈರಿವರೆಗಿನ ಕ್ಯಾಲೆಂಡರ್ ಮೇಲೆ ಕಣ್ಣಾಡಿಸಬೇಕು. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಬೆಳಿಗ್ಗೆ 10ಕ್ಕೆ, ವಹಿವಾಟಿನ ನಡುವೆಯೇ. ಅಮೆರಿಕದ ಫೆಡರಲ್ ರಿಸರ್ವ್ ನಿರ್ಧಾರ ನಮ್ಮ ರಾತ್ರಿ 11:30ಕ್ಕೆ, ಅವರ ಚಳಿಗಾಲದಲ್ಲಿ 12:30ಕ್ಕೆ. ಮರುದಿನದ ಗ್ಯಾಪ್ (ಹಿಂದಿನ ಮುಕ್ತಾಯದಿಂದ ನೆಗೆದು ತೆರೆಯುವುದು) ಅಲ್ಲಿಂದಲೇ. ದೊಡ್ಡ ಬ್ಯಾಂಕುಗಳ ತ್ರೈಮಾಸಿಕ ಫಲಿತಾಂಶ ಹಲವು ಸಲ ಶನಿವಾರ ಬರುತ್ತದೆ. ಒಂದು ಕಂಪನಿ ಏನು ಮಾಡೀತು ಎನ್ನಬೇಡಿ: 2024ರ ಜನವರಿ 17ರಂದು ಫಲಿತಾಂಶದ ಬೆನ್ನಿಗೇ ಎಚ್‌ಡಿಎಫ್‌ಸಿ ಬ್ಯಾಂಕ್ ಷೇರು ಶೇ 8ಕ್ಕೂ ಹೆಚ್ಚು ಬಿದ್ದಾಗ ನಿಫ್ಟಿ 460 ಪಾಯಿಂಟ್ ಕಳೆದುಕೊಂಡಿತು.

ದೊಡ್ಡ ಘಟನೆ ಮುಗಿದ ಮೇಲೆ ವಿಕ್ಸ್ ಕುಸಿಯುವ ವೇಗವೂ ಅಷ್ಟೇ. 2024ರ ಜೂನ್ 4, ಲೋಕಸಭಾ ಫಲಿತಾಂಶದ ದಿನ ನಿಫ್ಟಿ ಶೇ 5.9 ಬಿದ್ದು ವಿಕ್ಸ್ 26ರ ಮೇಲೆ ಮುಗಿಯಿತು. ಮರುದಿನವೇ 19ರ ಕೆಳಗೆ. ಘಟನೆ ಕಳೆದ ಮೇಲೆ ಕ್ರೆಡಿಟ್ ಸ್ಪ್ರೆಡ್ ಹಾಕುವವರಿಗೆ ಸಿಗುವ ಕಿಟಕಿ ಗಂಟೆಗಳದ್ದು, ದಿನಗಳದ್ದಲ್ಲ.

ಗಂಟೆ ಯಾವುದು

9:15ರಿಂದ 9:30: ಕೈ ಕಟ್ಟಿಕೊಂಡು ಕೂರಿ. ರಾತ್ರಿಯ ಆರ್ಡರ್‌ಗಳೆಲ್ಲ ಒಮ್ಮೆಲೇ ಬೀಳುವ ಹೊತ್ತು. 36 ರೂಪಾಯಿಯ ಪುಟ್‌ಗೆ ಬಿಡ್ (ಕೊಳ್ಳುವವರ ಬೆಲೆ) 35, ಆಸ್ಕ್ (ಮಾರುವವರ ಬೆಲೆ) 37 ಹೀಗೆ ಕಾಣುತ್ತದೆ. ಎರಡು ಲೆಗ್‌ನಲ್ಲಿ ಒಂದೊಂದು ಪಾಯಿಂಟ್ ಬಿಟ್ಟುಕೊಟ್ಟರೆ 19ರಲ್ಲಿ ಎರಡು ಹೋಯಿತು, ಅಂದರೆ ಲಾಭದ ಹತ್ತನೇ ಒಂದು ಪಾಲು. ‘ಪ್ರೀಮಿಯಂ ಉಬ್ಬಿರುತ್ತದೆ, ಆಗಲೇ ಮಾರಬೇಕು’ ಎನ್ನುವವರು ಉಬ್ಬಿದ ಬೆಲೆಯನ್ನು ನೋಡುತ್ತಾರೆ, ಆ ಬೆಲೆಗೆ ಎಷ್ಟು ಲಾಟ್ ಕೊಳ್ಳುವವರು ನಿಂತಿದ್ದಾರೆ ಎಂದು ನೋಡುವುದಿಲ್ಲ.

9:45ರಿಂದ 11:15: ಕ್ರೆಡಿಟ್ ಸ್ಪ್ರೆಡ್‌ಗೆ ಹೆಚ್ಚಿನ ದಿನ ಇದೇ ಸರಿಯಾದ ಹೊತ್ತು. ಮೊದಲ ಅರ್ಧ ಗಂಟೆಯ ಗರಿಷ್ಠ, ಕನಿಷ್ಠ ಗೊತ್ತಾಗಿರುತ್ತದೆ, ಬಿಡ್–ಆಸ್ಕ್ ಅಂತರ 30–40 ಪೈಸೆಗೆ ಇಳಿದಿರುತ್ತದೆ.

ಮಧ್ಯಾಹ್ನ ಊಟದ ಹೊತ್ತು ತಣ್ಣಗೆ. ಯುರೋಪಿನ ಪೇಟೆಗಳು ನಮ್ಮ 12:30ಕ್ಕೆ, ಅವರ ಚಳಿಗಾಲದಲ್ಲಿ 1:30ಕ್ಕೆ ತೆರೆಯುತ್ತವೆ. ಅದರ ಹತ್ತು ನಿಮಿಷ ಮುಂಚೆ ಹೊಸ ಸ್ಪ್ರೆಡ್ ಹಾಕುವುದು ಬೇಡ, ಹತ್ತು ನಿಮಿಷ ಕಳೆಯಲಿ.

2:00ರಿಂದ 2:45 ಎರಡನೇ ಅವಕಾಶ. ರಾತ್ರಿ ಇಟ್ಟುಕೊಳ್ಳುವ ಡೆಬಿಟ್ ಸ್ಪ್ರೆಡ್‌ಗೆ (ಹಣ ಕೊಟ್ಟು ಕೊಳ್ಳುವ ಸ್ಪ್ರೆಡ್) ಇದು ಬೆಳಿಗ್ಗೆಗಿಂತ ಮೇಲು. ದಿನದ ದಿಕ್ಕು ಆಗ ಸ್ಪಷ್ಟವಾಗಿರುತ್ತದೆ. 3 ಗಂಟೆಯ ಮೇಲೆ ಬ್ರೋಕರ್‌ಗಳು ಇಂಟ್ರಾಡೇ ಪೊಸಿಷನ್‌ಗಳನ್ನು ತಾವೇ ಮುಗಿಸಲು ಶುರುಮಾಡುತ್ತಾರೆ, ಬೆಲೆಗಳು ಕಾರಣವಿಲ್ಲದೆ ಜಿಗಿಯುತ್ತವೆ.

ಡೆಬಿಟ್ ಸ್ಪ್ರೆಡ್‌ನ ಹೊತ್ತು

ಇಲ್ಲಿ ದಿಕ್ಕು ನಿಜಕ್ಕೂ ಬೇಕು. ನಿಫ್ಟಿ 25,000 ಇದ್ದಾಗ 25,000 ಕಾಲ್ ಕೊಂಡು 25,200 ಕಾಲ್ ಮಾರಿದರೆ ಖರ್ಚು 90 ಪಾಯಿಂಟ್ ಸುಮಾರು, ಗರಿಷ್ಠ ಲಾಭ 110. ಬೆಳಿಗ್ಗೆ 10:15ರವರೆಗಿನ ಗರಿಷ್ಠ ಮಟ್ಟವನ್ನು ಬರೆದಿಟ್ಟುಕೊಳ್ಳಿ. ನಿಫ್ಟಿ ಅದನ್ನು ದಾಟಿ 15 ನಿಮಿಷದ ಕ್ಯಾಂಡಲ್ (ಚಾರ್ಟ್‌ನಲ್ಲಿ ಆ 15 ನಿಮಿಷದ ಬೆಲೆಯ ಗುರುತು) ಒಂದು ಅದರ ಮೇಲೆಯೇ ಮುಗಿದರೆ ಒಳಗೆ ಹೋಗಿ. ಬರೀ ದಾಟಿದ್ದು ಸಾಲದು.

ಹೊಸಬರ ದೊಡ್ಡ ದೂರು: ‘ನಿಫ್ಟಿ ಮರುದಿನವೇ 25,200 ಮುಟ್ಟಿತು, ನನಗೆ 110 ಯಾಕೆ ಬರಲಿಲ್ಲ?’ ಎಕ್ಸ್‌ಪೈರಿಗೆ ಇನ್ನೂ ನಾಲ್ಕು ವಹಿವಾಟಿನ ದಿನ ಇರುವಾಗ 25,200ರಲ್ಲಿ ಆ ಸ್ಪ್ರೆಡ್‌ನ ಬೆಲೆ 130ರ ಹತ್ತಿರ ಇರುತ್ತದೆ, ಲಾಭ 40 ಅಷ್ಟೇ. ಮಾರಿದ 25,200 ಕಾಲ್‌ನಲ್ಲಿ ಇನ್ನೂ ಕರಗದ ಪ್ರೀಮಿಯಂ ತುಂಬಿರುವುದೇ ಕಾರಣ. ಪೂರ್ತಿ 200 ಆಗಲು ಎಕ್ಸ್‌ಪೈರಿ ಹತ್ತಿರ ಬರಬೇಕು ಇಲ್ಲವೇ ನಿಫ್ಟಿ 25,200ನ್ನು ಬಹಳ ಹಿಂದೆ ಬಿಡಬೇಕು. ಎರಡು ದಿನದ ಚುರುಕಿನ ಓಟ ನಿರೀಕ್ಷಿಸುವವರು ಬುಧವಾರಕ್ಕಿಂತ ಶುಕ್ರವಾರ ಅಥವಾ ಸೋಮವಾರ ಡೆಬಿಟ್ ಸ್ಪ್ರೆಡ್ ಹಾಕಿದರೆ ಅದೇ ಚಲನೆಗೆ ಹೆಚ್ಚು ಸಿಗುತ್ತದೆ. ಕ್ರೆಡಿಟ್ ಸ್ಪ್ರೆಡ್‌ಗೆ ಹೇಳಿದ್ದಕ್ಕೆ ಇದು ತಿರುಗುಮುರುಗು.

ಆರ್ಡರ್ ಹಾಕುವ ಕ್ರಮ

1. ಎರಡೂ ಲೆಗ್ ಒಂದೇ ಬಗೆಯಲ್ಲಿ ಇರಲಿ. ರಾತ್ರಿ ಇಟ್ಟುಕೊಳ್ಳುವುದಾದರೆ ಎರಡೂ ಎನ್‌ಆರ್‌ಎಂಎಲ್ (ರಾತ್ರಿಗೂ ಉಳಿಯುವ ಬಗೆ). ಮರೆತು ಒಂದನ್ನು ಎಂಐಎಸ್‌ನಲ್ಲಿ (ಅದೇ ದಿನ ಮುಗಿಯುವ ಬಗೆ) ಹಾಕಿದರೆ ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಅದು ತಾನಾಗಿ ಮುಗಿದು, ಇನ್ನೊಂದು ಲೆಗ್ ಒಂಟಿಯಾಗಿ ಉಳಿಯುತ್ತದೆ.

2. ಮೊದಲು ಕೊಳ್ಳುವ ಲೆಗ್, ಆಮೇಲೆ ಮಾರುವುದು. ಬರಿಯ ಪುಟ್ ಮಾರಲು ಲಾಟ್‌ಗೆ ಒಂದೂವರೆ ಲಕ್ಷಕ್ಕೂ ಮೇಲೆ ಮಾರ್ಜಿನ್ ಬೇಕು, ಹೆಡ್ಜ್ (ರಕ್ಷಣೆಗೆ ಕೊಂಡ ಲೆಗ್) ಇದ್ದರೆ ನಮ್ಮ 200 ಪಾಯಿಂಟ್ ಸ್ಪ್ರೆಡ್‌ಗೆ 40–45 ಸಾವಿರದ ಸುಮಾರು. ಕ್ರಮ ತಪ್ಪಿದರೆ ಆರ್ಡರ್ ತಿರಸ್ಕಾರವಾಗುತ್ತದೆ. ಬ್ರೋಕರ್ ಆ್ಯಪ್‌ನ ಬಾಸ್ಕೆಟ್‌ನಲ್ಲೂ (ಹಲವು ಆರ್ಡರ್ ಒಟ್ಟಿಗೆ ಹಾಕುವ ಪಟ್ಟಿ) ಕೊಳ್ಳುವ ಆರ್ಡರ್ ಮೇಲಿರಲಿ.

3. ಎರಡೂ ಲಿಮಿಟ್ ಆರ್ಡರ್ (ನೀವು ಹೇಳಿದ ಬೆಲೆಗೋ ಅದಕ್ಕಿಂತ ಒಳ್ಳೆಯದಕ್ಕೋ ಮಾತ್ರ ಆಗುವಂಥದ್ದು). 24,350 ಪುಟ್ 17.00/17.35 ಇದ್ದರೆ 17.20ಕ್ಕೆ ಕೊಳ್ಳಲು ಹಾಕಿ, 20–30 ಸೆಕೆಂಡ್ ನೋಡಿ, ಆಗದಿದ್ದರೆ 10 ಪೈಸೆ ಏರಿಸಿ. ಅದು ಕೈಗೆ ಬಂದ ಮೇಲೆ 24,550 ಪುಟ್ 36.00/36.40 ಇದ್ದರೆ 36.20ಕ್ಕೆ ಮಾರಲು ಹಾಕಿ. ಮೂರು ಸಲ ಬದಲಿಸಿಯೂ 18.50ಕ್ಕಿಂತ ಹೆಚ್ಚು ಕ್ರೆಡಿಟ್ ಕೂಡಿ ಬರದಿದ್ದರೆ ಕೊಂಡದ್ದನ್ನು ಮಾರಿ ಹೊರಬನ್ನಿ. 30–40 ಪೈಸೆಯ ನಷ್ಟ ಅದು, ಬೆನ್ನಟ್ಟಿ ಹೋಗುವುದಕ್ಕಿಂತ ಅಗ್ಗ.

4. ಮಾರುವ ಲೆಗ್ ಆಗುವ ಮುನ್ನವೇ ನಿಫ್ಟಿ 40–50 ಪಾಯಿಂಟ್ ಮೇಲಕ್ಕೆ ಓಡಿದರೆ ಅದೇ ಸ್ಟ್ರೈಕ್‌ಗೆ ಅಂಟಿಕೊಳ್ಳಬೇಡಿ. ಸಿಗುವ ಹಣ ಕಡಿಮೆಯಾಗಿದೆ, ಲೆಕ್ಕ ಮೊದಲಿನಿಂದ ಮಾಡಿ.

5. ಹೊರಬರುವಾಗ ಕ್ರಮ ತಲೆಕೆಳಗು: ಮೊದಲು ಮಾರಿದ್ದನ್ನು ಕೊಂಡು ಮುಗಿಸಿ, ಆಮೇಲೆ ಹೆಡ್ಜ್ ಮಾರಿ.

ಖರ್ಚಿನ ಲೆಕ್ಕ ಇಲ್ಲೇ ಮಾಡಿಬಿಡೋಣ. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಎಂದರೆ ಹೋಗಿ ಬರುವ ನಾಲ್ಕು ಆರ್ಡರ್‌ಗೆ 80, ಶೇ 18 ಜಿಎಸ್‌ಟಿ ಸೇರಿ 94.40. ಒಂದು ಲಾಟ್‌ಗೆ ಅದು ಒಂದೂವರೆ ಪಾಯಿಂಟ್. ಬಿಡ್–ಆಸ್ಕ್‌ನಲ್ಲಿ ಇನ್ನೊಂದು ಪಾಯಿಂಟ್ ಸೋರುತ್ತದೆ. ಎಸ್‌ಟಿಟಿ (ವಹಿವಾಟಿನ ಮೇಲಿನ ತೆರಿಗೆ), ಷೇರುಪೇಟೆ ಶುಲ್ಕ ಈ ಪ್ರಮಾಣಕ್ಕೆ ಬೆರಳೆಣಿಕೆಯ ರೂಪಾಯಿ. ಅಂತೂ ಎರಡೂವರೆ ಪಾಯಿಂಟ್ ಖರ್ಚು. ಹಾಗಾಗಿ 200 ಅಗಲದ ಸ್ಪ್ರೆಡ್‌ಗೆ 14ಕ್ಕಿಂತ ಕಡಿಮೆ ಸಿಗುವ ದಿನ ಹಾಕುವುದೇ ಬೇಡ.

ಅಪಾಯ ಕಡಿಮೆ ಮಾಡಲು ಅಗಲವನ್ನು 100ಕ್ಕೆ ಇಳಿಸಬಹುದು. 24,550/24,450ಕ್ಕೆ ಸುಮಾರು 10.5 ಪಾಯಿಂಟ್, 682 ರೂಪಾಯಿ ಸಿಗುತ್ತದೆ. ಗರಿಷ್ಠ ನಷ್ಟ 5,817. ಆದರೆ ಬ್ರೋಕರೇಜೇ ಲಾಭದ ಶೇ 14ರಷ್ಟು ತಿನ್ನುತ್ತದೆ. ಒಂದು ಸ್ಪ್ರೆಡ್‌ನ ಗರಿಷ್ಠ ನಷ್ಟ ಬಂಡವಾಳದ ಶೇ 2 ದಾಟಬಾರದು ಎಂಬ ಕಟ್ಟು ಇಟ್ಟುಕೊಂಡರೆ 200 ಅಗಲದ ಒಂದೇ ಲಾಟ್‌ಗೂ ಸುಮಾರು 6 ಲಕ್ಷ ರೂಪಾಯಿ ಖಾತೆ ಬೇಕು. 1 ಲಕ್ಷ ಇಟ್ಟುಕೊಂಡು ಎರಡು ಲಾಟ್ ಹಾಕುವವರ ಒಂದು ಕೆಟ್ಟ ಸೋಮವಾರ ಖಾತೆಯ ಕಾಲು ಭಾಗಕ್ಕೆ ಹತ್ತಿರ.

ಒಳಗೆ ಹೋದ ಕೂಡಲೇ

ಹೊರಬರುವ ಮಟ್ಟವನ್ನು ಮಾರಿದ ಒಂದೇ ಪುಟ್‌ನ ಪ್ರೀಮಿಯಂಗೆ ಕಟ್ಟದೆ ನಿಫ್ಟಿಯ ಮಟ್ಟಕ್ಕೆ, ಇಡೀ ಸ್ಪ್ರೆಡ್‌ನ ಬೆಲೆಗೆ ಕಟ್ಟಿ. ನಮ್ಮ ಉದಾಹರಣೆಯಲ್ಲಿ ನಿಫ್ಟಿ 24,700ರ ಕೆಳಗೆ 15 ನಿಮಿಷದ ಕ್ಯಾಂಡಲ್ ಮುಗಿಸಿದರೆ ಹೊರಗೆ, ಅಥವಾ ಸ್ಪ್ರೆಡ್ 57 ಮುಟ್ಟಿದರೆ ಹೊರಗೆ, ಯಾವುದು ಮೊದಲೋ ಅದು. ಮಾರಿದ ಪುಟ್‌ನ ಬೆಲೆ ನೋಡಿ ಸ್ಟಾಪ್‌ಲಾಸ್ ಇಟ್ಟರೆ 9:15ರ ಒಂದು ಹುಚ್ಚು ವಹಿವಾಟಿಗೆ ಅದು ಹಾರಿ, ಎರಡು ನಿಮಿಷದಲ್ಲಿ ಬೆಲೆ ಹಳೆಯ ಜಾಗಕ್ಕೆ ಬಂದಿರುತ್ತದೆ. ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ಆಪ್ಷನ್‌ಗಳಿಗೆ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ನಿಲ್ಲಿಸಿದೆ. ಈಗ ಇರುವುದು ಸ್ಟಾಪ್‌ಲಾಸ್ ಲಿಮಿಟ್ ಮಾತ್ರ. ಗ್ಯಾಪ್ ಬಂದರೆ ಬೆಲೆ ಲಿಮಿಟ್ ದಾಟಿ ಹೋಗಿ ಆರ್ಡರ್ ಹಾಗೇ ನೇತಾಡುತ್ತದೆ. ಗ್ಯಾಪ್‌ಗೆ ಇರುವ ರಕ್ಷಣೆ ಎಂದರೆ ಕೊಂಡ ಲೆಗ್ ಒಂದೇ. ಅದನ್ನು ‘ಬರೀ 3 ರೂಪಾಯಿ ಉಳಿದಿದೆ’ ಎಂದು ಮೊದಲೇ ಮಾರಿಬಿಡುವವರು ಹೆಲ್ಮೆಟ್ ಭಾರ ಎಂದು ತೆಗೆದಿಟ್ಟು ಗಾಡಿ ಓಡಿಸಿದಂತೆ.

ಬೆಳಿಗ್ಗೆ ಎದ್ದಾಗ ಗಿಫ್ಟ್ ನಿಫ್ಟಿ (ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ಫ್ಯೂಚರ್ಸ್) ನೋಡಿ. 6:30ಕ್ಕೇ ಶುರುವಾಗುತ್ತದೆ. 150 ಪಾಯಿಂಟ್‌ಗೂ ಹೆಚ್ಚು ವಿರುದ್ಧ ದಿಕ್ಕಿನಲ್ಲಿದ್ದರೆ 9:15ಕ್ಕೆ ಮುಂಚೆಯೇ ಏನು ಮಾಡುವುದೆಂದು ಕಾಗದದ ಮೇಲೆ ಬರೆದಿಡಿ. ಸ್ಟ್ರೈಕ್ ಇನ್ನೂ ದೂರ ಇದ್ದರೆ 9:30ರವರೆಗೆ ಮುಟ್ಟಬೇಡಿ. ಎರಡೂ ಸ್ಟ್ರೈಕ್ ದಾಟಿಯೇ ತೆರೆದರೆ ಬೆಲೆ ಅದಾಗಲೇ ಪೂರ್ತಿ ನಷ್ಟದ ಹತ್ತಿರ ಇರುತ್ತದೆ. ಮಾರ್ಕೆಟ್ ಆರ್ಡರ್ ಒತ್ತಿ 200 ಅಗಲದ ಸ್ಪ್ರೆಡ್‌ಗೆ 205 ಕೊಟ್ಟು ಹೊರಬಂದವರೂ ಇರುತ್ತಾರೆ. ಆಗ ಬೇಕಾದದ್ದು 200ಕ್ಕಿಂತ ಕೆಳಗಿನ ಲಿಮಿಟ್ ಬೆಲೆ ಮತ್ತು ಹದಿನೈದು ನಿಮಿಷ.

ಲಾಭದ ಬದಿಯಲ್ಲಿ, 19ರ ಸ್ಪ್ರೆಡ್ 4ಕ್ಕೆ ಇಳಿದ ಮೇಲೆ ಕಾಯುವುದು ಬೇಡ. ಉಳಿದ 4 ಪಾಯಿಂಟ್, ಅಂದರೆ 260 ರೂಪಾಯಿಗಾಗಿ 12 ಸಾವಿರದ ಹತ್ತಿರದ ಅಪಾಯವನ್ನು ಮಂಗಳವಾರ ಮಧ್ಯಾಹ್ನದವರೆಗೆ ಹೊತ್ತುಕೊಳ್ಳುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. 4ಕ್ಕೆ ಕೊಂಡು ಮುಗಿಸಿದರೆ ಮಾರ್ಜಿನ್ ಬಿಡುಗಡೆಯಾಗುತ್ತದೆ, ಬುಧವಾರ ಹತ್ತು ಗಂಟೆಗೆ ಹೊಸ ಆಪ್ಷನ್ ಚೈನ್ (ಎಲ್ಲ ಸ್ಟ್ರೈಕ್‌ಗಳ ಬೆಲೆಯ ಪಟ್ಟಿ) ತೆರೆದು ಮತ್ತೆ ವಿಕ್ಸ್ ಅನ್ನು 16ರಿಂದ ಭಾಗಿಸುವುದರಿಂದ ಶುರು.